‘ವಿಷ ಪತ್ತೆಯಾಗಿಲ್ಲ’: ಸಕ್ಕರೆ ಕಾಯಿಲೆಯ ಔಷಧಿಯಿಂದಾದ ಸಾವನ್ನು ಪ್ರಯೋಗಾಲಯ ಹೇಗೆ ಓದುತ್ತದೆ

ಮಲೆನಾಡಿನಲ್ಲಿ ವಿಷಪ್ರಾಶನ ಎಂದರೆ ಠಾಣೆಯಿಂದ ಶವಾಗಾರದವರೆಗೆ ಎಲ್ಲರ ಮನಸ್ಸಿಗೆ ಮೊದಲು ಬರುವುದು ತೋಟದ ಔಷಧಿ. ಕ್ಲೋರ್‌ಪೈರಿಫಾಸ್, ಕಳೆನಾಶಕ, ಇಲಿ ಪಾಷಾಣ, ಕೊಳೆರೋಗಕ್ಕೆ ಬೋರ್ಡೋ ಮಾಡಲು ತಂದಿಟ್ಟ ಮೈಲುತುತ್ತ. ಇವುಗಳಿಗೆ ವಾಸನೆ ಇದೆ, ಬಣ್ಣ ಇದೆ, ಜಠರದ ಒಳಗೋಡೆಯಲ್ಲಿ ಗುರುತು ಉಳಿಯುತ್ತದೆ. ಮರಣೋತ್ತರ ಪರೀಕ್ಷೆಯ ರೂಢಿ, ಪ್ರಯೋಗಾಲಯಕ್ಕೆ ಹೋಗುವ ಬಾಟಲಿಗಳ ಲೆಕ್ಕ, ಅಲ್ಲಿ ನಡೆಯುವ ಮೊದಲ ಸುತ್ತಿನ ತಪಾಸಣೆ ಎಲ್ಲವೂ ಇಂಥ ವಿಷಗಳನ್ನು ಹಿಡಿಯಲೆಂದೇ ಬೆಳೆದುಬಂದಿವೆ.

ಅದೇ ಮನೆಯ ಗೋಡೆಗೂಡಿನಲ್ಲಿ ಈಗ ಶುಗರ್ ಮಾತ್ರೆಯ ಪಟ್ಟಿಯೂ ಇರುತ್ತದೆ. ಐಸಿಎಂಆರ್–ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ವಯಸ್ಕರಲ್ಲಿ ಅದು ಶೇ 11.4. ತೀರ್ಥಹಳ್ಳಿ, ಹೊಸನಗರ, ಸಾಗರದ ಹಳ್ಳಿಗಳಲ್ಲಿ ಮೆಟ್‌ಫಾರ್ಮಿನ್ ಹೆಸರು ಗೊತ್ತಿಲ್ಲದ ಮನೆ ಹುಡುಕಬೇಕು. ಈ ಔಷಧಿಗಳಿಂದ ಯಾರಾದರೂ ತೀರಿಕೊಂಡಾಗ, ಬೇಕೆಂದೇ ನುಂಗಿದ್ದಿರಲಿ, ತಪ್ಪಿ ಎರಡು ಸಲ ತೆಗೆದುಕೊಂಡಿದ್ದಿರಲಿ, ಮೂತ್ರಪಿಂಡ ಸೋತು ಔಷಧಿ ಒಳಗೇ ಉಳಿದದ್ದಿರಲಿ, ತಿಂಗಳುಗಳ ನಂತರ ಬರುವ ವರದಿಯಲ್ಲಿ ‘ವಿಷ ಪತ್ತೆಯಾಗಿಲ್ಲ’ ಎಂಬ ಒಂದೇ ಸಾಲು ಇರುವ ಸಾಧ್ಯತೆ ಹೆಚ್ಚು. ಕುಟುಂಬ ಅದನ್ನು ‘ವಿಷ ಇರಲಿಲ್ಲ’ ಎಂದು ಓದಿಕೊಳ್ಳುತ್ತದೆ. ತನಿಖಾಧಿಕಾರಿಯೂ ಹಾಗೇ ಓದುತ್ತಾರೆ. ಆ ಸಾಲಿನ ನಿಜವಾದ ಅರ್ಥ ಇಷ್ಟೇ: ಕಳಿಸಿದ ಬಾಟಲಿಗಳಲ್ಲಿ, ಹುಡುಕಿದ ವಿಷಗಳ ಪೈಕಿ ಯಾವುದೂ ಸಿಗಲಿಲ್ಲ. ಏನನ್ನು ಕಳಿಸಲಾಗಿತ್ತು, ಏನನ್ನು ಹುಡುಕಲು ಕೇಳಲಾಗಿತ್ತು ಎಂಬೆರಡು ಪ್ರಶ್ನೆಗಳಿಗೆ ಉತ್ತರವಿಲ್ಲದೆ ಆ ವರದಿಗೆ ಬೆಲೆ ಕಟ್ಟಲಾಗದು.

ಮೆಟ್‌ಫಾರ್ಮಿನ್‌ನಿಂದಲೇ ಶುರು ಮಾಡೋಣ. ಅತಿ ಹೆಚ್ಚು ಬಳಕೆಯಲ್ಲಿರುವುದು ಅದು, ಹಳೆಯ ವಿಧಾನಕ್ಕೆ ಸುಲಭವಾಗಿ ತಪ್ಪಿಸಿಕೊಳ್ಳುವುದೂ ಅದೇ. ಅಂಗಾಂಶದಿಂದ ವಿಷವನ್ನು ಬೇರ್ಪಡಿಸುವ ಸಾಂಪ್ರದಾಯಿಕ ಕ್ರಮಕ್ಕೆ ಸ್ಟಾಸ್–ಒಟ್ಟೊ ವಿಧಾನ ಎನ್ನುತ್ತಾರೆ. ಬೆಲ್ಜಿಯಂನ ಜೀನ್ ಸ್ಟಾಸ್ 1850ರಲ್ಲಿ ಒಂದು ಕೊಲೆ ಪ್ರಕರಣದಲ್ಲಿ ನಿಕೋಟಿನ್ ಪತ್ತೆ ಮಾಡಿದ್ದು ಈ ದಾರಿಯಲ್ಲಿ. ಅಂಗಾಂಶವನ್ನು ಅರೆದು, ಆಮ್ಲೀಯ ಮಾಡಿ ಒಮ್ಮೆ, ಕ್ಷಾರೀಯ ಮಾಡಿ ಇನ್ನೊಮ್ಮೆ ಈಥರ್ ಅಥವಾ ಕ್ಲೋರೋಫಾರ್ಮ್‌ನಲ್ಲಿ ಕಲಕಿದರೆ ಹೆಚ್ಚಿನ ಸಾವಯವ ವಿಷಗಳು ನೀರು ಬಿಟ್ಟು ದ್ರಾವಕಕ್ಕೆ ಬರುತ್ತವೆ. ಮೆಟ್‌ಫಾರ್ಮಿನ್ ಬರುವುದಿಲ್ಲ. ಅದು ನೀರಿಗೇ ಅಂಟಿಕೊಳ್ಳುವ ಅಣು. ಆಮ್ಲ ಹಾಕಿದರೂ ಕ್ಷಾರ ಹಾಕಿದರೂ ನೀರಿನ ಪದರದಲ್ಲೇ ಕೂರುತ್ತದೆ. ಆ ಪದರವನ್ನು ಚೆಲ್ಲಿದರೆ ಔಷಧಿಯನ್ನೂ ಚೆಲ್ಲಿದಂತೆ. ಅದನ್ನು ಹಿಡಿಯಬೇಕಾದರೆ ಅಸಿಟೋನೈಟ್ರೈಲ್ ಹಾಕಿ ರಕ್ತದ ಪ್ರೋಟೀನನ್ನು ಮಾತ್ರ ತೆಗೆದು, ಮೇಲಿನ ತಿಳಿಯನ್ನು ಇಂಥ ನೀರಿಗೆ ಅಂಟುವ (ಧ್ರುವೀಯ) ಅಣುಗಳನ್ನು ಬೇರ್ಪಡಿಸುವ ಕಾಲಮ್ ಮೂಲಕ, ಅಣುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೊಮೀಟರ್‌ಗೆ ಕಳಿಸಬೇಕು. ಯಂತ್ರ ಇದ್ದರೆ ಕೆಲಸ ಕಷ್ಟದ್ದೇನಲ್ಲ. ಆದರೆ ಯಾರಾದರೂ ಹೆಸರು ಹೇಳಿ ಕೇಳಬೇಕು.

ಸಂಖ್ಯೆ ಸಿಕ್ಕ ಮೇಲೆ ನಿಜವಾದ ತೊಡಕು ಶುರುವಾಗುತ್ತದೆ. ಸರಿಯಾಗಿ ಮಾತ್ರೆ ತೆಗೆದುಕೊಳ್ಳುವ, ಮೂತ್ರಪಿಂಡ ಚೆನ್ನಾಗಿರುವ ವ್ಯಕ್ತಿಯ ಪ್ಲಾಸ್ಮಾದಲ್ಲಿ, ಅಂದರೆ ಕಣಗಳನ್ನು ಬೇರ್ಪಡಿಸಿದ ರಕ್ತದ ತಿಳಿಯಲ್ಲಿ, ಮೆಟ್‌ಫಾರ್ಮಿನ್ ಸಾಮಾನ್ಯವಾಗಿ ಲೀಟರಿಗೆ 5 ಮಿಲಿಗ್ರಾಂ ದಾಟುವುದಿಲ್ಲ. ಹಾಗಾದರೆ ಮೃತದೇಹದ ರಕ್ತದಲ್ಲಿ ಅದರ ಹಲವು ಪಟ್ಟು ಕಂಡುಬಂದರೆ ಅತಿಯಾಗಿ ನುಂಗಿದ್ದಾರೆ ಎಂದೇ ಅರ್ಥವೇ? ಹಾಗೆ ಹೇಳುವುದು ದುಡುಕು. ಯಕೃತ್ತು ಮೆಟ್‌ಫಾರ್ಮಿನನ್ನು ಒಡೆಯುವುದಿಲ್ಲ. ಅದು ಇದ್ದ ರೂಪದಲ್ಲೇ ಮೂತ್ರಪಿಂಡದ ಮೂಲಕ ಹೊರಹೋಗಬೇಕು. ಆ ದಾರಿ ಮುಚ್ಚಿದರೆ, ಬಸಿಗಾಲುವೆ ಕಟ್ಟಿಕೊಂಡ ತೋಟದಲ್ಲಿ ನೀರು ನಿಲ್ಲುವ ಹಾಗೆ, ದಿನದ ಮಾಮೂಲಿ ಮಾತ್ರೆಯೇ ರಕ್ತದಲ್ಲಿ ಏರುತ್ತಾ ಹೋಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಇದಕ್ಕೆ ಕಾರಣಗಳು ಬೇಕಾದಷ್ಟಿವೆ. ಗದ್ದೆ ತೋಟದ ನೀರಿನಿಂದ ಬರುವ ಇಲಿಜ್ವರ ಮೂತ್ರಪಿಂಡವನ್ನೇ ಹಿಡಿಯುತ್ತದೆ. ವಾಂತಿಭೇದಿಯಾಗಿ ಎರಡು ದಿನ ಊಟ ನೀರು ಸೇರದೆ ಮಲಗಿದವರು ‘ಶುಗರ್ ಮಾತ್ರೆ ಮಾತ್ರ ಬಿಡಬಾರದು’ ಎಂದು ಅದನ್ನು ತಪ್ಪದೆ ನುಂಗುತ್ತಿರುತ್ತಾರೆ. ಜೊತೆಗೆ ಮೈಕೈ ನೋವಿಗೆ ಅಂಗಡಿಯಿಂದ ತಂದ ನೋವಿನ ಮಾತ್ರೆ. ಮೂರೂ ಸೇರಿದರೆ ಪರಿಣಾಮ ಲ್ಯಾಕ್ಟಿಕ್ ಆಸಿಡೋಸಿಸ್, ಅಂದರೆ ರಕ್ತದಲ್ಲಿ ಲ್ಯಾಕ್ಟೇಟ್ ತುಂಬಿ ಆಮ್ಲತೆ ಏರುವ ಸ್ಥಿತಿ: ಹೊಟ್ಟೆನೋವು, ಏದುಸಿರು, ರಕ್ತದೊತ್ತಡ ಕುಸಿತ. ಇದು ಆತ್ಮಹತ್ಯೆಯೂ ಅಲ್ಲ, ಕೊಲೆಯೂ ಅಲ್ಲ. ಆದರೆ ಪ್ರಯೋಗಾಲಯದ ಕಾಗದದಲ್ಲಿ ಸಂಖ್ಯೆ ಮಾತ್ರ ಹಾಗೆಯೇ ಕಾಣುತ್ತದೆ.

ಎರಡನ್ನೂ ಬೇರೆ ಮಾಡುವ ಕೀಲಿ ಕಣ್ಣಿನಲ್ಲಿದೆ. ಕಣ್ಣುಗುಡ್ಡೆಯ ಒಳಗಿನ ಲೋಳೆದ್ರವಕ್ಕೆ ವಿಟ್ರಿಯಸ್ ಎನ್ನುತ್ತಾರೆ. ಸತ್ತ ಮೇಲೆ ರಕ್ತ ಬೇಗ ಕೆಡುತ್ತದೆ. ಎಲ್ಲ ಕಡೆಯಿಂದ ಮುಚ್ಚಿಕೊಂಡಿರುವ ಈ ದ್ರವ ನಿಧಾನವಾಗಿ ಕೆಡುತ್ತದೆ. ಅದರಲ್ಲಿರುವ ಯೂರಿಯ ಮತ್ತು ಕ್ರಿಯಾಟಿನಿನ್ ಪ್ರಮಾಣ ಸಾವಿನ ನಂತರವೂ ಬಹುಮಟ್ಟಿಗೆ ಸ್ಥಿರವಾಗಿರುವುದರಿಂದ ಬದುಕಿದ್ದಾಗ ಮೂತ್ರಪಿಂಡ ಹೇಗಿತ್ತು ಎಂಬುದನ್ನು ಅವು ಹೇಳುತ್ತವೆ. ರಕ್ತದ ಮೆಟ್‌ಫಾರ್ಮಿನ್ ಹೆಚ್ಚಿದ್ದು ವಿಟ್ರಿಯಸ್ ಕ್ರಿಯಾಟಿನಿನ್ ಕೂಡ ಹೆಚ್ಚಿದ್ದರೆ ಔಷಧಿ ಶೇಖರವಾದದ್ದರ ಕಡೆಗೆ ತೂಕ ಬೀಳುತ್ತದೆ. ಮೆಟ್‌ಫಾರ್ಮಿನ್ ಬಹಳ ಹೆಚ್ಚಿದ್ದು ಕ್ರಿಯಾಟಿನಿನ್ ಮಾಮೂಲಿಯಾಗಿದ್ದು, ಜಠರದಲ್ಲಿ ಮಾತ್ರೆಯ ಪುಡಿಯೂ ಸಿಕ್ಕರೆ ಒಮ್ಮೆಗೇ ಹೆಚ್ಚು ನುಂಗಿದ್ದರ ಕಡೆಗೆ. ನಡುವಿನ ಪ್ರಕರಣಗಳೂ ಇವೆ: ಅತಿಯಾಗಿ ನುಂಗಿ ಆಸ್ಪತ್ರೆಯಲ್ಲಿ ಎರಡು ಮೂರು ದಿನ ಬದುಕಿದವರಲ್ಲಿ ಆಘಾತದಿಂದಲೇ ಮೂತ್ರಪಿಂಡ ಸೋತಿರುತ್ತದೆ. ಅಲ್ಲಿ ದಾಖಲಾದ ದಿನದ ಕ್ರಿಯಾಟಿನಿನ್ ಎಷ್ಟಿತ್ತು ಎಂಬ ಆಸ್ಪತ್ರೆಯ ಹಾಳೆಯೇ ತೀರ್ಪು ಕೊಡಬೇಕು.

ಇಲ್ಲಿ ಇನ್ನೆರಡು ಎಡವುಗಲ್ಲುಗಳಿವೆ. ಲ್ಯಾಕ್ಟೇಟ್ ಬದುಕಿದ್ದವರಲ್ಲಿ ರೋಗನಿರ್ಣಯದ ಆಧಾರ. ಸತ್ತ ಮೇಲೆ ಅದು ಎಲ್ಲರಲ್ಲೂ ಏರುತ್ತದೆ. ಶವದ ರಕ್ತದ ಲ್ಯಾಕ್ಟೇಟ್ ಹಿಡಿದು ಮೆಟ್‌ಫಾರ್ಮಿನ್ ಸಾವು ಎಂದು ಬರೆಯುವಂತಿಲ್ಲ. ಎರಡನೆಯದು, ಮೆಟ್‌ಫಾರ್ಮಿನ್ ಕೆಂಪು ರಕ್ತಕಣಗಳೊಳಗೂ ಸೇರಿಕೊಂಡು ಅಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಪ್ಲಾಸ್ಮಾದಲ್ಲಿ ಅದರ ಅರ್ಧಾಯುಷ್ಯ ಸುಮಾರು 6 ತಾಸು, ಇಡೀ ರಕ್ತದಲ್ಲಿ ಸುಮಾರು 17 ತಾಸು. ಪುಸ್ತಕದಲ್ಲಿರುವ ಮಿತಿಗಳು ಪ್ಲಾಸ್ಮಾದವು, ಶವದಿಂದ ಸಿಗುವುದು ಒಡೆದ ಇಡೀ ರಕ್ತ. ಇವೆರಡನ್ನು ನೇರವಾಗಿ ಹೋಲಿಸಿದ ವರದಿಗಳು ನ್ಯಾಯಾಲಯದಲ್ಲಿ ಪಾಟೀಸವಾಲಿಗೆ ನಿಲ್ಲುವುದಿಲ್ಲ.

ಸಕ್ಕರೆ ಇಳಿಸಿ ಕೊಲ್ಲುವ ಔಷಧಿಗಳ ಕಥೆ ಬೇರೆ. ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಇವು ಸಲ್ಫೊನಿಲ್‌ಯೂರಿಯ ಗುಂಪಿನವು. ಮೇದೋಜೀರಕವನ್ನು ಒತ್ತಾಯಿಸಿ ಇನ್ಸುಲಿನ್ ಸುರಿಸುತ್ತವೆ. ನಮ್ಮಲ್ಲಿ ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಒಂದೇ ಮಾತ್ರೆಯಲ್ಲಿ ಬರುವುದು ಸಾಮಾನ್ಯ. ಹಾಗಾಗಿ ಒಂದನ್ನು ಹುಡುಕಿ ಸಿಕ್ಕಿತೆಂದು ನಿಲ್ಲಿಸಬಾರದು. ಮೆಟ್‌ಫಾರ್ಮಿನ್ ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿದ್ದರೆ ಗ್ಲಿಮೆಪಿರೈಡ್ ಮೈಕ್ರೊಗ್ರಾಂ ಲೆಕ್ಕದಲ್ಲಿರುತ್ತದೆ. ಒಂದಕ್ಕೆ ಹೊಂದಿಸಿದ ಪರೀಕ್ಷೆ ಇನ್ನೊಂದನ್ನು ಕಾಣುವುದೇ ಇಲ್ಲ. ಸತ್ತವರಿಗೆ ಸಕ್ಕರೆ ಕಾಯಿಲೆಯೇ ಇರಲಿಲ್ಲ ಎಂದು ಮನೆಯವರು ಹೇಳಿದರೆ ಎಚ್‌ಬಿಎ1ಸಿ ಮಾಡಿಸಬಹುದು. ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಹೇಳುವ ಆ ಗುರುತು ಸಾವಿನ ನಂತರವೂ ಬೇಗ ಅಳಿಯುವುದಿಲ್ಲ.

ಕಾಯಿಲೆ ಇಲ್ಲದವರ ರಕ್ತದಲ್ಲಿ ಸಲ್ಫೊನಿಲ್‌ಯೂರಿಯ ಸಿಕ್ಕಿದರೂ ತಕ್ಷಣ ಮನೆಯವರ ಮೇಲೆ ಬೆರಳು ತೋರಿಸುವ ಮುನ್ನ ಒಂದು ವಿಷಯ ನೆನಪಿಡಬೇಕು. 2008ರಲ್ಲಿ ಸಿಂಗಪುರದಲ್ಲಿ ಸುಮಾರು 150 ಜನ ತೀವ್ರವಾಗಿ ಸಕ್ಕರೆ ಇಳಿದು ಆಸ್ಪತ್ರೆ ಸೇರಿದರು, ನಾಲ್ವರು ತೀರಿಕೊಂಡರು. ಅವರು ತೆಗೆದುಕೊಂಡಿದ್ದು ಲೈಂಗಿಕ ಶಕ್ತಿಯ ಹೆಸರಿನಲ್ಲಿ ಅಕ್ರಮವಾಗಿ ಮಾರಾಟವಾದ ಔಷಧಿ. ಅದರೊಳಗೆ ಗ್ಲಿಬೆನ್‌ಕ್ಲಮೈಡ್ ಬೆರೆತಿತ್ತು. ನಾಟಿ ಔಷಧಿಯ ನಂಬಿಕೆ ಗಟ್ಟಿಯಾಗಿರುವ ನಮ್ಮ ಸೀಮೆಯಲ್ಲಿ ಮನೆಯಲ್ಲಿರುವ ಹೆಸರಿಲ್ಲದ ಪುಡಿ ಪೊಟ್ಟಣ, ಚೂರ್ಣದ ಡಬ್ಬಿಗಳನ್ನೂ ಮಹಜರಿನಲ್ಲಿ ಸೇರಿಸಿ ಪರೀಕ್ಷೆಗೆ ಕಳಿಸುವುದು ನ್ಯಾಯದ ಮಾತು.

ಸಕ್ಕರೆ ಇಳಿದು ಸತ್ತರು ಎಂದು ಶವದ ರಕ್ತದ ಸಕ್ಕರೆ ನೋಡಿ ಹೇಳಲಾಗದು. ಸತ್ತ ಮೇಲೂ ರಕ್ತಕಣಗಳು ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ, ಕೆಲವೇ ತಾಸುಗಳಲ್ಲಿ ಅದು ಶೂನ್ಯದ ಹತ್ತಿರ ಬರುತ್ತದೆ. ಇನ್ನೊಂದೆಡೆ ಯಕೃತ್ತಿನಿಂದ ಸೋರಿದ ಸಕ್ಕರೆ ಹೃದಯದ ಬಲಭಾಗದ ರಕ್ತದಲ್ಲಿ ಸುಳ್ಳು ಏರಿಕೆ ತೋರಿಸಬಹುದು. ವಿಟ್ರಿಯಸ್‌ನಲ್ಲಿ ಸಕ್ಕರೆ ಬಹಳ ಹೆಚ್ಚಿದ್ದರೆ, ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದ್ದರೆ, ಬದುಕಿದ್ದಾಗಲೂ ಹೆಚ್ಚಿತ್ತು ಎನ್ನಬಹುದು. ಕಡಿಮೆ ಇದ್ದರೆ ಏನನ್ನೂ ಹೇಳುವಂತಿಲ್ಲ. ಅಲ್ಲೂ ಸಾವಿನ ನಂತರ ಸಕ್ಕರೆ ಇಳಿಯುತ್ತದೆ.

ಇನ್ಸುಲಿನ್ ಚುಚ್ಚುಮದ್ದಿನ ಸಾವು ಗೊತ್ತಾಗುವುದಿಲ್ಲ ಎಂಬ ಮಾತು ಇನ್ನೂ ಓಡಾಡುತ್ತಿದೆ. ಅದು 1957ರಲ್ಲೇ ಸುಳ್ಳಾಯಿತು. ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ಕೆನೆತ್ ಬಾರ್ಲೊ ಎಂಬ ನರ್ಸ್ ತನ್ನ ಹೆಂಡತಿಯನ್ನು ಇನ್ಸುಲಿನ್ ಕೊಟ್ಟು ಕೊಂದ ಪ್ರಕರಣದಲ್ಲಿ ಬೆವರಿನಿಂದ ತೊಯ್ದ ಬಟ್ಟೆ, ಹಿಗ್ಗಿದ ಪಾಪೆ ಕಂಡು ತನಿಖೆಯವರಿಗೆ ಅನುಮಾನ ಬಂತು. ಭೂತಗನ್ನಡಿ ಹಿಡಿದು ಇಡೀ ಚರ್ಮ ಶೋಧಿಸಿದಾಗ ಪೃಷ್ಠದಲ್ಲಿ ಸೂಜಿಯ ಗುರುತುಗಳು ಸಿಕ್ಕವು. ಆ ಭಾಗದ ಅಂಗಾಂಶದ ಸಾರವನ್ನು ಇಲಿಗಳಿಗೆ ಕೊಟ್ಟು ಇನ್ಸುಲಿನ್ ಇದ್ದುದನ್ನು ತೋರಿಸಿದರು, ಶಿಕ್ಷೆಯಾಯಿತು. ಆಗ ಮಾಸ್ ಸ್ಪೆಕ್ಟ್ರೊಮೀಟರ್ ಸಹಾಯ ಇರಲಿಲ್ಲ, ಜಾಗ ಬಿಡದೆ ನೋಡುವ ಕಣ್ಣು ಇತ್ತು.

ಇಂದಿನ ತರ್ಕ ಸಿ-ಪೆಪ್ಟೈಡ್ ಮೇಲೆ ನಿಂತಿದೆ. ದೇಹ ತಾನೇ ಇನ್ಸುಲಿನ್ ಮಾಡಿದಾಗ ಪ್ರತಿ ಅಣುವಿನ ಜೊತೆ ಒಂದು ಸಿ-ಪೆಪ್ಟೈಡ್ ಕೂಡ ಹೊರಬರುತ್ತದೆ. ಕಾರ್ಖಾನೆಯ ಇನ್ಸುಲಿನ್‌ನಲ್ಲಿ ಅದು ಇರುವುದಿಲ್ಲ. ಇನ್ಸುಲಿನ್ ಹೆಚ್ಚು, ಸಿ-ಪೆಪ್ಟೈಡ್ ಕಡಿಮೆ ಎಂದರೆ ಹೊರಗಿನಿಂದ ಬಂದದ್ದು. ಎರಡೂ ಹೆಚ್ಚಿದ್ದರೆ ಸಲ್ಫೊನಿಲ್‌ಯೂರಿಯ ಹುಡುಕಬೇಕು, ಅಪರೂಪಕ್ಕೆ ಇನ್ಸುಲಿನ್ ಸುರಿಸುವ ಗೆಡ್ಡೆಯನ್ನು. ಈ ತರ್ಕ ಅಚ್ಚುಕಟ್ಟು, ಆದರೆ ಅದಕ್ಕೆ ಬಳಸುವ, ಪ್ರತಿಕಾಯಗಳ ಮೂಲಕ ಅಳೆಯುವ ಇಮ್ಯುನೊಅಸ್ಸೇ ಪರೀಕ್ಷೆ ಅಷ್ಟು ಅಚ್ಚುಕಟ್ಟಲ್ಲ. ಕೆಲವು ಕಿಟ್‌ಗಳು ಮಾನವ ಇನ್ಸುಲಿನ್ ಮಾತ್ರ ಗುರುತಿಸಿ, ಅಣುವನ್ನು ತುಸು ಬದಲಿಸಿ ಮಾಡಿದ ಹೊಸ ಇನ್ಸುಲಿನ್‌ಗಳಾದ ಲಿಸ್‌ಪ್ರೊ, ಆಸ್ಪಾರ್ಟ್, ಗ್ಲಾರ್ಜಿನ್‌ಗಳನ್ನು ಬಿಟ್ಟುಬಿಡುತ್ತವೆ. ಕೆಲವು ಎಲ್ಲವನ್ನೂ ಒಂದೇ ಸಂಖ್ಯೆಯಲ್ಲಿ ಸೇರಿಸುತ್ತವೆ. ರಕ್ತದಲ್ಲಿರುವ ಪ್ರತಿಕಾಯಗಳು ಸುಳ್ಳು ಏರಿಕೆ ತೋರಿಸುವುದೂ ಉಂಟು. ಇಂಗ್ಲೆಂಡಿನಲ್ಲಿ 2023ರಲ್ಲಿ ಶಿಕ್ಷೆಯಾದ ನರ್ಸ್ ಲೂಸಿ ಲೆಟ್ಬಿ ಪ್ರಕರಣದ ಇನ್ಸುಲಿನ್ ಸಾಕ್ಷ್ಯ ಇಂಥ ಇಮ್ಯುನೊಅಸ್ಸೇ ಫಲಿತಾಂಶದ್ದು, ಮಾಸ್ ಸ್ಪೆಕ್ಟ್ರೊಮೆಟ್ರಿಯ ದೃಢೀಕರಣ ಅದಕ್ಕೆ ಇರಲಿಲ್ಲ. ಅದರ ಮೇಲೆ ತಜ್ಞರ ವಾದ ತೀರ್ಪಿನ ನಂತರವೂ ಮುಂದುವರಿಯಿತು. ಲಿಸ್‌ಪ್ರೊದಲ್ಲಿ ಎರಡು ಅಮೈನೊ ಆಮ್ಲಗಳು ಜಾಗ ಬದಲಿಸಿಕೊಂಡಿರುತ್ತವೆ ಅಷ್ಟೇ, ತೂಕ ಮಾನವ ಇನ್ಸುಲಿನ್‌ನಷ್ಟೇ. ಅದನ್ನು ಬೇರೆ ಮಾಡಲು ಅಣುವನ್ನು ಒಡೆದು ತುಣುಕುಗಳನ್ನು ನೋಡಬೇಕು. ಒಬ್ಬರ ಜೀವಾವಧಿ ಶಿಕ್ಷೆ ನಿಂತಿರುವ ಪ್ರಶ್ನೆಗೆ ಇಷ್ಟು ಶ್ರಮ ಹೆಚ್ಚಾಗದು.

ಇನ್ಸುಲಿನ್‌ನ ದೊಡ್ಡ ಶತ್ರು ಒಡೆದ ರಕ್ತ. ಕೆಂಪು ಕಣ ಒಡೆದಾಗ ಹೊರಬರುವ ಕಿಣ್ವ ಇನ್ಸುಲಿನನ್ನು ಕತ್ತರಿಸಿ ಹಾಕುತ್ತದೆ. ಆದ್ದರಿಂದ ರಕ್ತವನ್ನು ಕೂಡಲೇ ಸೆಂಟ್ರಿಫ್ಯೂಜ್‌ಗೆ ಹಾಕಿ ಪ್ಲಾಸ್ಮಾ ಬೇರ್ಪಡಿಸಿ ಮೈನಸ್ 20 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಇಡಬೇಕು. ವಿಟ್ರಿಯಸ್‌ನಲ್ಲಿ ಕೆಂಪು ಕಣಗಳ ಕಾಟವಿಲ್ಲ, ಅದರಲ್ಲಿ ಇನ್ಸುಲಿನ್ ಮತ್ತದರ ಹೊಸ ರೂಪಗಳನ್ನು ಪತ್ತೆ ಮಾಡಿದ ಪ್ರಕರಣಗಳಿವೆ. ಚುಚ್ಚಿದ ಗುರುತಿದ್ದರೆ ಚರ್ಮವನ್ನು ಕೆಳಗಿನ ಕೊಬ್ಬಿನ ಸಮೇತ ತೆಗೆದು, ದೇಹದ ಎದುರು ಬದಿಯಿಂದ ಅಷ್ಟೇ ತುಂಡನ್ನು ಹೋಲಿಕೆಗೆ ತೆಗೆದು, ಎರಡನ್ನೂ ಬೇರೆ ಬೇರೆ ಹೆಪ್ಪುಗಟ್ಟಿಸಬೇಕು. ಇನ್ಸುಲಿನ್ ದ್ರಾವಣದಲ್ಲಿರುವ ಮೆಟಾಕ್ರೆಸಾಲ್, ಫೀನಾಲ್ ಸಂರಕ್ಷಕಗಳು ಅಲ್ಲಿ ಸಿಕ್ಕರೂ ಸಾಕ್ಷ್ಯವೇ.

ಈಗ ನಮ್ಮ ಮಾಮೂಲಿ ಪೊಟ್ಟಣವನ್ನು ನೋಡಿ. ಜಠರ ಅದರೊಳಗಿನ ದ್ರವದ ಸಮೇತ, ಸಣ್ಣಕರುಳಿನ ಸುಮಾರು 30 ಸೆಂಟಿಮೀಟರ್, 500 ಗ್ರಾಂ ಯಕೃತ್ತು, ಎರಡೂ ಮೂತ್ರಪಿಂಡದ ಅರ್ಧರ್ಧ, ಎಲ್ಲವೂ ಸಂತೃಪ್ತ ಉಪ್ಪುನೀರಿನಲ್ಲಿ. ಜೊತೆಗೆ ಕೆಡದಂತೆ ಫ್ಲೋರೈಡ್ ಹಾಕಿದ 10 ಮಿಲಿಲೀಟರ್ ರಕ್ತ. ಕೀಟನಾಶಕಕ್ಕೆ ಇದು ಸಾಕು. ಇನ್ಸುಲಿನ್ ಅನುಮಾನಕ್ಕೆ ಇದರಲ್ಲಿ ಉತ್ತರ ಸಿಗುವುದಿಲ್ಲ, ಮೆಟ್‌ಫಾರ್ಮಿನ್‌ಗೆ ಅರ್ಧ ಉತ್ತರ ಮಾತ್ರ. ಸಕ್ಕರೆ ಕಾಯಿಲೆಯ ಔಷಧಿ ಮನೆಯಲ್ಲಿತ್ತು ಎಂದು ಗೊತ್ತಾದ ಪ್ರತಿ ಪ್ರಕರಣದಲ್ಲೂ ಇದರ ಮೇಲೆ ಹೀಗೆ ಸೇರಿಸಬೇಕು. ರಕ್ತವನ್ನು ಹೃದಯದಿಂದಲ್ಲ, ತೊಡೆಯ ಫೆಮೊರಲ್ ಅಭಿಧಮನಿಯನ್ನು ಮೇಲ್ಗಡೆ ಕಟ್ಟಿ ಅಲ್ಲಿಂದ ತೆಗೆಯಬೇಕು. ಹೃದಯದ ರಕ್ತಕ್ಕೆ ಜಠರ, ಯಕೃತ್ತುಗಳಿಂದ ಔಷಧಿ ಸೋರಿ ಸೇರಿರುತ್ತದೆ. ವಿಟ್ರಿಯಸ್ ತೆಗೆಯುವಾಗ ಕಣ್ಣಿನ ಹೊರ ಮೂಲೆಯಿಂದ 20 ಗೇಜ್ ಸೂಜಿ ಇಳಿಸಿ ನಿಧಾನ ಎಳೆಯಬೇಕು. ಜೋರಾಗಿ ಎಳೆದರೆ ರೆಟಿನಾದ ಚೂರು ಬಂದು ಪರೀಕ್ಷೆ ಹಾಳು. ಒಂದೊಂದು ಕಣ್ಣಿನಿಂದ 2ರಿಂದ 3 ಮಿಲಿಲೀಟರ್ ಸಿಗುತ್ತದೆ. ಎರಡು ಕಣ್ಣಿನದನ್ನು ಬೆರೆಸಬಾರದು. ಸ್ವಲ್ಪ ಭಾಗ ಫ್ಲೋರೈಡ್‌ನಲ್ಲಿ, ಉಳಿದದ್ದು ಏನೂ ಹಾಕದ ನಳಿಕೆಯಲ್ಲಿ. ತೆಗೆದಷ್ಟೇ ಸಲೈನ್ ತುಂಬಿದರೆ ಮುಖದ ರೂಪ ಕೆಡದು, ಮನೆಯವರಿಗೆ ನೋವಾಗದು. ಮೂತ್ರ ಸಿಕ್ಕರೆ ಬಿಡಬೇಡಿ.

ಮೂತ್ರ ಮುಖ್ಯವಾಗಲು ಇನ್ನೊಂದು ಕಾರಣ ಡಾಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಗಳು. ಇವು ಸಕ್ಕರೆಯನ್ನು ಮೂತ್ರಕ್ಕೆ ದಾಟಿಸುತ್ತವೆ. ಉಪವಾಸ, ಜ್ವರ, ಶಸ್ತ್ರಚಿಕಿತ್ಸೆಯ ಸಮಯದಲ್ಲಿ ರಕ್ತದ ಸಕ್ಕರೆ ಹೆಚ್ಚದೆಯೇ ಕೀಟೋನ್ (ದೇಹ ಕೊಬ್ಬನ್ನು ಉರಿಸಿದಾಗ ಹುಟ್ಟುವ ಆಮ್ಲೀಯ ವಸ್ತು) ಏರಿ ಸಾವು ಬರಬಹುದು. ಅಮೆರಿಕದ ಎಫ್‌ಡಿಎ 2015ರಲ್ಲೇ ಕೀಟೋನ್ ಏರಿಕೆಯ ಎಚ್ಚರಿಕೆ ಕೊಟ್ಟಿತ್ತು. ಮೂತ್ರದ ಪಟ್ಟಿಯಲ್ಲಿ ಸಕ್ಕರೆ ಭರ್ತಿ, ವಿಟ್ರಿಯಸ್‌ನಲ್ಲಿ ಸಕ್ಕರೆ ಏರಿಲ್ಲ, ಬೀಟಾ ಹೈಡ್ರಾಕ್ಸಿಬ್ಯುಟಿರೇಟ್ ಎಂಬ ಕೀಟೋನ್ ಹೆಚ್ಚು ಎಂಬ ಮೂರೂ ಕೂಡಿದರೆ ಈ ಮಾತ್ರೆಯ ಪಟ್ಟಿ ಹುಡುಕಿ. ಕುಡಿತದಿಂದಲೂ ಕೀಟೋನ್ ಏರುತ್ತದೆ ಎಂಬುದನ್ನು ಮರೆಯಬೇಡಿ.

ಆಸ್ಪತ್ರೆಗೆ ಬಂದು ತೀರಿಕೊಂಡವರಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ದಾಖಲಾದಾಗ, ಡೆಕ್ಸ್ಟ್ರೋಸ್ (ಸಕ್ಕರೆ ದ್ರಾವಣ) ಏರಿಸುವ ಮುನ್ನ ತೆಗೆದ ಮೊದಲ ರಕ್ತ. ಅದರಲ್ಲಿ ಇನ್ಸುಲಿನ್, ಸಿ-ಪೆಪ್ಟೈಡ್, ಲ್ಯಾಕ್ಟೇಟ್ ಎಲ್ಲಕ್ಕೂ ಅರ್ಥವಿದೆ. ಆಸ್ಪತ್ರೆಗಳ ಪ್ರಯೋಗಾಲಯಗಳು ಉಳಿದ ಮಾದರಿಯನ್ನು ಕೆಲವೇ ದಿನ ಇಟ್ಟು ಎಸೆಯುತ್ತವೆ. ಹೊಸನಗರದಿಂದಲೋ ಸೊರಬದಿಂದಲೋ ರೋಗಿಯನ್ನು ಶಿವಮೊಗ್ಗದ ಮೆಗ್ಗಾನ್‌ಗೆ ಕಳಿಸಿದ್ದರೆ ಮೊದಲ ರಕ್ತ ಇರುವುದು ತಾಲ್ಲೂಕು ಆಸ್ಪತ್ರೆಯಲ್ಲಿ. ಸಾವು ಜಿಲ್ಲಾ ಕೇಂದ್ರದಲ್ಲಿ ಆದದ್ದರಿಂದ ಅದನ್ನು ಯಾರೂ ಕೇಳುವುದಿಲ್ಲ. ತನಿಖಾಧಿಕಾರಿ ಮೊದಲ ದಿನವೇ ಆ ಪ್ರಯೋಗಾಲಯಕ್ಕೆ ಲಿಖಿತವಾಗಿ ತಿಳಿಸಿ ಮಾದರಿ ಕಾಯ್ದಿರಿಸಬೇಕು.

ಮನೆಯಲ್ಲಿ ನೋಡಬೇಕಾದದ್ದು: ಮಾತ್ರೆ ಪಟ್ಟಿಯಲ್ಲಿ ಎಷ್ಟು ಖಾಲಿ, ಔಷಧಿ ಅಂಗಡಿಯ ಬಿಲ್ಲಿನ ದಿನಾಂಕ, ಫ್ರಿಜ್‌ನಲ್ಲಿರುವ ಇನ್ಸುಲಿನ್ ಪೆನ್ ಮತ್ತು ಸೀಸೆಗಳು, ಬಳಸಿದ ಸೂಜಿಗಳು. ಗ್ಲುಕೋಮೀಟರನ್ನು ಮರೆಯುವವರೇ ಹೆಚ್ಚು; ಅದರ ನೆನಪಿನಲ್ಲಿ ಹಿಂದಿನ ರೀಡಿಂಗ್‌ಗಳು ದಿನಾಂಕ ಸಮೇತ ಇರುತ್ತವೆ. ಗಡಿಯಾರ ಸರಿಯಿದೆಯೇ ಎಂದು ಮೊದಲು ನೋಡಿ ಬರೆದುಕೊಳ್ಳಿ.

ಬದುಕಿರುವವರ ಮಾತೂ ಇಲ್ಲೇ ಹೇಳಿಬಿಡಬೇಕು. ಶುಗರ್ ಮಾತ್ರೆ ಹೆಚ್ಚು ನುಂಗಿದವರು ಗಂಟೆಗಟ್ಟಲೆ ಚೆನ್ನಾಗಿಯೇ ಕಾಣಬಹುದು. ಅದನ್ನು ನಂಬಿ ಮನೆಯಲ್ಲಿ ಉಳಿಸಿಕೊಳ್ಳಬೇಡಿ, 108ಕ್ಕೆ ಕರೆ ಮಾಡಿ. ಸಲ್ಫೊನಿಲ್‌ಯೂರಿಯ ಆದರೆ ಸಕ್ಕರೆ ಸರಿಹೋದ ಮೇಲೂ ಮತ್ತೆ ಇಳಿಯುತ್ತದೆ, ಕನಿಷ್ಠ ಒಂದು ದಿನ ಆಸ್ಪತ್ರೆಯಲ್ಲಿ ಇರಲೇಬೇಕು. ಆಕ್ಟ್ರಿಯೊಟೈಡ್ ಎಂಬ ಚುಚ್ಚುಮದ್ದು ಇದಕ್ಕೆ ಕೆಲಸ ಮಾಡುತ್ತದೆ. ಮೆಟ್‌ಫಾರ್ಮಿನ್‌ಗೆ ಡಯಾಲಿಸಿಸ್ ಜೀವ ಉಳಿಸುತ್ತದೆ: ಲ್ಯಾಕ್ಟೇಟ್ ಲೀಟರಿಗೆ 20 ಮಿಲಿಮೋಲ್ ದಾಟಿದರೆ ಅಥವಾ ರಕ್ತದ ಪಿಎಚ್ 7.0ಕ್ಕೆ ಇಳಿದರೆ ತಡ ಮಾಡಬಾರದೆಂದು ಅಂತರರಾಷ್ಟ್ರೀಯ ತಜ್ಞರ ಶಿಫಾರಸು ಇದೆ. ಪ್ರಜ್ಞೆ ಇಲ್ಲದವರ ಬಾಯಿಗೆ ಸಕ್ಕರೆ ನೀರು ಹಾಕಬೇಡಿ. ಮನಸ್ಸು ಕುಗ್ಗಿ ಮಾತ್ರೆಯ ಕಡೆ ಕೈ ಹೋಗುತ್ತಿದೆ ಎಂದರೆ, ನಿಮ್ಮದಾಗಲಿ ಮನೆಯವರದಾಗಲಿ, ಟೆಲಿಮಾನಸ್ 14416 ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂ ಹಳೆಯ ಸಿಆರ್‌ಪಿಸಿ 174ರ ಜಾಗದಲ್ಲಿದೆ. ಅಸಹಜ ಸಾವಿನ ತನಿಖೆ ಈಗ ಅದರ ಕೆಳಗೆ ನಡೆಯುತ್ತದೆ, ವಿಧಿವಿಜ್ಞಾನ ಸಾಕ್ಷ್ಯಕ್ಕೆ ಹೊಸ ಕಾನೂನು ಹೆಚ್ಚು ಒತ್ತು ಕೊಟ್ಟಿದೆ. ಆ ಒತ್ತು ಕಾಣಬೇಕಾದ ಜಾಗ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ, ಅಂದರೆ ಎಫ್‌ಎಸ್‌ಎಲ್‌ಗೆ ಬರೆಯುವ ಕೋರಿಕೆ ಪತ್ರ. ‘ವಿಷ ಇದೆಯೇ ತಿಳಿಸಿ’ ಎಂದು ಬರೆದರೆ ಮಾಮೂಲಿ ಉತ್ತರ ಬರುತ್ತದೆ. ಸತ್ತವರು ತೆಗೆದುಕೊಳ್ಳುತ್ತಿದ್ದ ಮಾತ್ರೆಗಳ ಹೆಸರು ಮತ್ತು ಪ್ರಮಾಣ, ಮೂತ್ರಪಿಂಡದ ಸ್ಥಿತಿ, ಕೊನೆಯ ಬಾರಿ ಚೆನ್ನಾಗಿದ್ದದ್ದು ಎಷ್ಟು ಹೊತ್ತಿಗೆ, ಆಸ್ಪತ್ರೆಯಲ್ಲಿ ಏನು ಕೊಟ್ಟರು, ಸಾವಿಗೂ ಮಾದರಿಗೂ ನಡುವೆ ಎಷ್ಟು ತಾಸು ಎಂಬುದನ್ನು ಬರೆದು, ‘ಮೆಟ್‌ಫಾರ್ಮಿನ್ ಮತ್ತು ಸಲ್ಫೊನಿಲ್‌ಯೂರಿಯಗಳನ್ನು ಪ್ರಮಾಣ ಸಹಿತ ಪರೀಕ್ಷಿಸಿ’ ಎಂದು ಕೇಳಬೇಕು. ಇನ್ಸುಲಿನ್ ಪರೀಕ್ಷೆ ಎಲ್ಲ ಕಡೆ ಆಗುವುದಿಲ್ಲವಾದ್ದರಿಂದ ಕಳಿಸುವ ಮುನ್ನ ಫೋನ್ ಮಾಡಿ ಎಲ್ಲಿಗೆ, ಯಾವ ನಳಿಕೆಯಲ್ಲಿ ಎಂದು ವಿಚಾರಿಸುವುದು ಒಳ್ಳೆಯದು.

ಮಾದರಿ ಬೆಂಗಳೂರಿನ ಮಡಿವಾಳದ ರಾಜ್ಯ ಪ್ರಯೋಗಾಲಯಕ್ಕೆ ಹೋಗಬೇಕೆಂದರೆ ಶಿವಮೊಗ್ಗದಿಂದ ಸುಮಾರು 300 ಕಿಲೋಮೀಟರ್. ಠಾಣೆಯ ಕಪಾಟಿನಲ್ಲಿ ವಾರಗಟ್ಟಲೆ ಕೂತು ಬಸ್ಸಿನಲ್ಲಿ ಹೋದ ರಕ್ತದಿಂದ ಇನ್ಸುಲಿನ್ ಕೇಳುವುದು ವ್ಯರ್ಥ. ಮಾದರಿ ಫ್ರೀಜರಿನಲ್ಲಿರಬೇಕು, ಐಸ್ ಪ್ಯಾಕ್ ಇಟ್ಟ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಒಂದೇ ದಿನದಲ್ಲಿ ತಲುಪಬೇಕು, ಕರಗಿ ಮತ್ತೆ ಹೆಪ್ಪುಗಟ್ಟಬಾರದು. ಇದಕ್ಕೆ ದುಬಾರಿ ಯಂತ್ರವೇನೂ ಬೇಕಿಲ್ಲ. ಸೆಂಟ್ರಿಫ್ಯೂಜ್ ತಾಲ್ಲೂಕು ಆಸ್ಪತ್ರೆಯ ಪ್ರಯೋಗಾಲಯದಲ್ಲೇ ಇದೆ, ಶವಾಗಾರದಿಂದ ಅಲ್ಲಿಗೆ ನಳಿಕೆ ಒಯ್ಯುವ ಒಬ್ಬರು ಬೇಕು. ಜಿಲ್ಲೆಯ ಶವಾಗಾರಗಳಿಗೆ ಒಂದೊಂದು ಸಣ್ಣ ಡೀಪ್ ಫ್ರೀಜರ್, ಗೋಡೆಯ ಮೇಲೆ ಸಕ್ಕರೆ ಕಾಯಿಲೆಯ ಪ್ರಕರಣಕ್ಕೆ ಬೇಕಾದ ಹೆಚ್ಚುವರಿ ಮಾದರಿಗಳ ಒಂದು ಹಾಳೆ, ಮತ್ತು ಮರಣೋತ್ತರ ವರದಿಯ ಅಂತಿಮ ಅಭಿಪ್ರಾಯವನ್ನು ಎಫ್‌ಎಸ್‌ಎಲ್ ಸಂಖ್ಯೆ ಹಾಗೂ ವಿಟ್ರಿಯಸ್ ಕ್ರಿಯಾಟಿನಿನ್ ಎರಡನ್ನೂ ನೋಡಿದ ಮೇಲೆಯೇ ಬರೆಯುವ ಕ್ರಮ: ಜಿಲ್ಲಾ ಆರೋಗ್ಯ ಇಲಾಖೆ ಮತ್ತು ಪೊಲೀಸ್ ಇಲಾಖೆ ಕೂತು ಮಾತಾಡಿದರೆ ಇಷ್ಟನ್ನು ಈ ಮಳೆಗಾಲದೊಳಗೇ ಜಾರಿಗೆ ತರಬಹುದು.